ಶೀಟಿನ ಆ ತುದಿ

ಅಬ್ಬಾ ಬಿಸಿ, ಲಾಂಡ್ರಿಯ ಯಂತ್ರದಿಂದ ಈಗಷ್ಟೇ ಹೊರಬಿದ್ದ ಶೀಟಿನ ಮೂಲೆ ಬೆರಳು ಸುಡುತ್ತಿದೆ, ಸುಡಲಿ, ಹಿಡಿ, ಜಾಡಿಸು, ನಡೆ — ಆ ತುದಿಯಿಂದ ಮೌನಗೌರಿ ಬರುತ್ತಾಳೆ, ಈ ತುದಿಯಿಂದ ನಾನು, ನಡುವೆ ಮೂಲೆಗೆ ಮೂಲೆ ಕೂಡುತ್ತದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆಹಾ, ಹೋಟೆಲಿನಲ್ಲಿ ಇದರ ಮೇಲೆ ಹೊರಳಾಡುವ ಪುಣ್ಯಾತ್ಮರಿಗೆ ಏನು ಗೊತ್ತು — ಆದರೆ ಇವತ್ತು ಕೈ ಇಲ್ಲಿ, ಕಣ್ಣು ಮಾಲೀಕನ ಕೋಣೆಯ ಬಾಗಿಲ ಮೇಲೆ. ಇವತ್ತು ಹೇಳ್ತೀನಿ ಅಂದಿದ್ದಾನೆ. ಶೀಟಿಗಿಷ್ಟು ಅಂತ ನನಗೆ ಸಿಗುವ ಕೂಲಿ ಹಾಗೇ ಉಳಿಯುತ್ತೋ, ಇವಳ ಕೂಲಿಯ ಮಟ್ಟಕ್ಕೆ, ಅಂದರೆ ಸರಿಯಾಗಿ ಅರ್ಧಕ್ಕೆ, ಇಳಿಯುತ್ತೋ. ಇಳಿದರೆ ಈಗಿರುವ ಮನೆ ಬಿಡಬೇಕು, ಒಂದೇ ಕೋಣೆಯದು ಹುಡುಕಬೇಕು. ಮೊನ್ನೆ ರೇಡಿಯೋದಲ್ಲಿ ಯಾರೋ ತಿಳಿದವರು ಹೇಳುತ್ತಿದ್ದರು, ನಿರಾಶ್ರಿತರು ಬಂದ ಮಾತ್ರಕ್ಕೆ ಇಲ್ಲಿಯವರ ಕೂಲಿ ಇಳಿಯುವುದಿಲ್ಲ, ಸರಾಸರಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ — ರೇಡಿಯೋಗೆ ಕಿವಿ ಅಂಟಿಸಿ ಕೂತಿದ್ದ ಅತ್ತೆ ತಟ್ಟನೆ, ಯಾರೇ ಅವಳು ಸರಾಸರಿ, ನಮ್ಮನೆ ಬಾಡಿಗೆ ಕಟ್ತಾಳಾ, ಚಿಕ್ಕ ಮನೆಗೆ ಹೋದ್ರೆ ನಾನಂತೂ ಒಲೆ ಪಕ್ಕ ಮಲಗಲ್ಲ ಕಣೇ, ಈಗ್ಲೇ ಹೇಳಿರ್ತೀನಿ — ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು, ಆಮೇಲೆ ನಿದ್ದೆ ಮಾತ್ರ ಹತ್ತಲಿಲ್ಲ.

ಹಿಡಿ, ಜಾಡಿಸು, ನಡೆ — ನನ್ನ ಹಳೆಯ ಜೋಡಿ ದಪ್ಪಕ್ಕ ಮಂಡಿನೋವೆಂದು ಕೆಲಸ ಬಿಟ್ಟಾಗ ಮಾಲೀಕ ಇವಳನ್ನು ತಂದು ಆ ತುದಿಗೆ ನಿಲ್ಲಿಸಿದ, ಗಡಿಯಾಚೆ ಮನೆಮಠ ಸುಟ್ಟುಹೋಗಿ ಓಡಿಬಂದವಳು, ಊರಾಚೆ ಡೇರೆಯಲ್ಲಿರುವವಳು, ನಮ್ಮ ಮಾತು ಬಾರದವಳು, ಅದಕ್ಕೇ ನನ್ನ ಬಾಯಲ್ಲಿ ಮೌನಗೌರಿ ಆದವಳು, ಅರ್ಧ ಕೂಲಿಗೆ ಹೂಂ ಅಂದವಳು, ನನಗೆ ಮೈಯೆಲ್ಲ ಉರಿ, ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಇವಳಿಗೆ ಇದೇ ಲಾಂಡ್ರಿ ಬೇಕಿತ್ತಾ. ನಮ್ಮ ಪದ್ಧತಿಯಲ್ಲಿ ಒಬ್ಬಳು ನಿಲ್ಲಬೇಕು, ಇನ್ನೊಬ್ಬಳು ಶೀಟು ಹಿಡಿದು ನಡೆದುಬರಬೇಕು, ಅವಳ ಊರ ಕಡೆ ಇಬ್ಬರೂ ನಡೆಯುವುದಂತೆ, ನಡೆಯುವುದೇನು, ಓಡುವುದು! ನನಗೇನು ಗೊತ್ತು, ತಲೆಬಗ್ಗಿಸಿ ಹೊರಟೆ, ಅವಳು ಎದುರಿನಿಂದ ಗಾಳಿಯಂತೆ ಬಂದಳು, ಢಂ — ಹಣೆಗೆ ಹಣೆ, ಇಬ್ಬರೂ ನೆಲದ ಮೇಲೆ, ಇಬ್ಬರ ತಲೆಯ ಮೇಲೂ ಒಂದೇ ಶೀಟು. ಅದರೊಳಗಿಂದ ನಗು ಕೇಳಿತು, ಮೌನಗೌರಿಯ ನಗು, ಕಣ್ಣಲ್ಲಿ ನೀರು ಬರುವ ಹಾಗೆ, ಅದರ ಮುಂದೆ ನನ್ನ ಸಿಟ್ಟು ಎಷ್ಟು ಹೊತ್ತು ನಿಂತೀತು. ಈಗ ಇಬ್ಬರೂ ಅವಳ ಹಾಗೇ ನಡೆಯುತ್ತೇವೆ, ಮಡಚಿದ ರಾಶಿ ದಪ್ಪಕ್ಕನ ಕಾಲಕ್ಕಿಂತ ಎತ್ತರ, ನಾನು ಕಲಿಸಿದ್ದು ಎರಡೇ ಮಾತು, ಹಿಡಿ, ಅಕ್ಕ, ಉಳಿದ ಮಾತೆಲ್ಲ ನಾನೊಬ್ಬಳೇ ಆಡುತ್ತೇನೆ, ಅದಕ್ಕೇನು ಕೊರತೆ.

ಬಾಗಿಲು ತೆರೆಯಿತು, ಬಂದ. ನೋಡಮ್ಮಾ, ನಾಳೆಯಿಂದ ನಿಂಗೂ ಅರ್ಧ, ಆಗಲ್ಲ ಅಂದ್ರೆ ಡೇರೆಯಿಂದ ಇನ್ನೊಬ್ಬಳನ್ನ ಕರ್ಕೊಂಡು ಬರ್ತೀನಿ, ಶೀಟ್ ಮಡಚೋದೇನು ಬ್ರಹ್ಮವಿದ್ಯೆನಾ — ಅತ್ತೆ, ಒಲೆ ಪಕ್ಕ, ಒಂದೇ ಕೋಣೆ, ಕೈಯಲ್ಲಿದ್ದ ಶೀಟಿನ ಮೂಲೆ ಬಿಡದೆ ಹಿಡಿದುಕೊಂಡೆ, ಹೊರಗೆ ಹೋಟೆಲಿನ ವ್ಯಾನು ಪೋಂ ಪೋಂ ಅನ್ನುತ್ತಿದೆ. ಕೊಡಿಲ್ಲಿ, ನಾನೇ ಮಡಚಿ ತೋರಿಸ್ತೀನಿ, ಅಂತ ನನ್ನ ತುದಿ ಕಿತ್ತುಕೊಂಡ, ಅಯ್ಯೋ ದೇವರೇ, ಅವನಿಗೆ ಗೊತ್ತಿರುವುದು ಹಳೇ ಪದ್ಧತಿ, ತಲೆಬಗ್ಗಿಸಿ ಹೊರಟ, ಆ ಕಡೆಯಿಂದ ಇವಳು ಗಾಳಿ — ಢಂ! ಹಣೆ ಹಿಡಿದು ಕೂತ, ಶೀಟು ಒದ್ದೆ ನೆಲದಲ್ಲಿ, ಇಸ್ತ್ರಿ ಮಾಡುವವರೆಲ್ಲ ಗೋಡೆಗೆ ತಿರುಗಿ ಬಾಯಿ ಮುಚ್ಚಿಕೊಂಡಿದ್ದಾರೆ, ಭುಜಗಳು ಕುಣಿಯುತ್ತಿವೆ.

ಮೌನಗೌರಿ ನಗಲಿಲ್ಲ. ಹೊಸ ಶೀಟು ತೆಗೆದಳು, ಎರಡು ಮೂಲೆ ಹಿಡಿದಳು, ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಶೀಟು ಸೊಟ್ಟಗೆ ಜೋತುಬಿತ್ತು, ಮಾಲೀಕನಿಗೆ ತೋರಿಸಿ ತಲೆಯಾಡಿಸಿದಳು, ಊಹೂಂ. ಮೇಲಿನ ಮೂಲೆ ನೋಡುತ್ತ ನನ್ನತ್ತ ಕಣ್ಣು ತಿರುಗಿಸಿದಳು, ಕೆಳಗಿನದನ್ನು ನೋಡುತ್ತ ತನ್ನ ಎದೆಗೆ ಗಲ್ಲ ತಾಗಿಸಿದಳು, ಅದು ಅಕ್ಕ, ಇದು ನಾನು ಅನ್ನುವ ಹಾಗೆ, ಆಮೇಲೆ ಮೇಲಿನದನ್ನು ಇಳಿಸಲಿಲ್ಲ, ಇಳಿಸಲೇ ಇಲ್ಲ, ಕೆಳಗಿನದನ್ನು ಎತ್ತಿದಳು, ಎತ್ತಿ ಸಮ ಮಾಡಿದಳು, ಹೂಂ. ವ್ಯಾನು ಪೋಂ ಪೋಂ. ಆಯ್ತು ಮಾರಾಯ್ತಿ, ಇಬ್ರಿಗೂ ಪೂರ್ತಿ ರೇಟೇ, ಮೊದ್ಲು ಮಡಚಿ ಸಾಯ್ರಿ, ಅಂತ ಹಣೆ ಉಜ್ಜಿಕೊಂಡು ಒಳಗೆ ಹೋದ — ಇಬ್ಬರಿಗೂ ಅಂದನಲ್ಲ, ಅವಳಿಗೂ ಅಂದನಲ್ಲ, ಅತ್ತೆಗೆ ಹೇಳಬೇಕು, ಹೇಗೆ ಹೇಳಲಿ, ನಗು ಬರುತ್ತಿದೆ, ಅಳು ಬರುತ್ತಿದೆ, ಕಣ್ಣು ಒರೆಸಿಕೊಳ್ಳುತ್ತ ನಿಂತೇ ಇದ್ದೇನೆ, ರಾಶಿ ಬಿದ್ದಿದೆ, ಆಚೆ ತುದಿಯಲ್ಲಿ ಅವಳು ಕಾಯುತ್ತಿದ್ದಾಳೆ, ಹಿಡಿ ಅಕ್ಕ, ನನ್ನ ಕಡೆಗೆ ಚಾಚಿದ ಎರಡು ಮೂಲೆ, ಒಂದೇ ಎತ್ತರಕ್ಕೆ