ಟೇಪಿನ ಆ ತುದಿ

ನಮ್ಮದು ಪುಟ್ಟ ಖಾಸಗಿ ವಿಶ್ವವಿದ್ಯಾಲಯ. ಅದರ ಭೂವಿಜ್ಞಾನ ವಿಭಾಗಕ್ಕೆ ಈ ವರ್ಷ ಬಂದದ್ದು ಒಂದೇ ಅರ್ಜಿ. ಸೇರುವ ಮೊದಲು ಒಮ್ಮೆ ನೋಡಿಕೊಂಡು ಹೋಗುತ್ತೇನೆ ಎಂದಿದ್ದಳು ಆ ಹುಡುಗಿ. ತೋರಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಇನ್ಯಾರ ಕೊರಳಿಗೆ ಬೀಳಬೇಕು? ವಿಭಾಗದಲ್ಲಿ ಓದುತ್ತಿರುವವಳು ನಾನೊಬ್ಬಳೇ. ನನ್ನ ಜೊತೆ ಸೇರಿದ್ದ ಇಬ್ಬರು ಮೂರೇ ತಿಂಗಳಲ್ಲಿ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಕಾಲುಕಿತ್ತಿದ್ದರು.

"ಚೆನ್ನಾಗಿ ಮಾತಾಡಮ್ಮ," ಎಂದರು ಮೇಷ್ಟ್ರು. "ಅವಳು ಬಂದ್ರೆ ಇಬ್ಬರನ್ನೂ ಒಟ್ಟಿಗೇ ಕೂರಿಸಿ ಪಾಠ ಮಾಡ್ತೀನಿ."

ಆ ಮಾತಿಗೆ ನನ್ನ ಬಾಯಲ್ಲಿ ನೀರೂರಿತು ಎಂದರೆ ನಗಬೇಡಿ. ಅವರಿಬ್ಬರೂ ಹೋದಾಗಿನಿಂದ ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಕೂತಿದೆ. ಅದು ನೋಟ್ಸ್ ಕೇಳುವುದಿಲ್ಲ, ಪಾಠದ ನಡುವೆ ಪಿಸುಗುಡುವುದಿಲ್ಲ.

ಹುಡುಗಿ ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್, ಹಾಳೆಯ ನಡುವೆ ಉದ್ದಕ್ಕೆ ಗೆರೆ. ಎಡಕ್ಕೆ 'ಅನುಕೂಲ', ಬಲಕ್ಕೆ 'ತೊಂದರೆ'. ಈ ಬುದ್ಧಿ ನಾನು ಸೇರುವಾಗ ಎಲ್ಲಿ ಹೋಗಿತ್ತೋ.

ನಾನೂ ಬಿಡಲಿಲ್ಲ. ನಮ್ಮ ಅಕ್ಷರ ನೋಡಿಯೇ ಜ್ವರ ಬಂದಿದೆಯೆಂದು ಮೇಷ್ಟ್ರು ಹೇಳಿಬಿಡುತ್ತಾರೆ ಎಂದೆ. ಸೂಕ್ಷ್ಮದರ್ಶಕಕ್ಕೆ ಸರದಿ ಕಾಯುವುದಿಲ್ಲ, ಇಡೀ ದಿನ ನಿನ್ನದೇ ಎಂದೆ. ಅಷ್ಟೂ ನಿಜ. ಆಮೇಲೆ, "ಎಲ್ಲರೂ ಒಂದೇ ಮನೆಯವರ ಥರ ಇರ್ತೀವಿ," ಎಂದೂ ಸೇರಿಸಿದೆ. ಎಲ್ಲರೂ ಎಂದರೆ ನಾನು, ಮೇಷ್ಟ್ರು, ಪ್ರಯೋಗಾಲಯದ ಬೆಕ್ಕು. ಎಡಗಡೆ ತುಂಬುತ್ತಾ ಹೋಯಿತು.

ಕಟ್ಟಡದ ಹಿಂದಿನ ದಿಬ್ಬದಲ್ಲಿ ಬಂಡೆಯ ಪದರಗಳನ್ನು ಅಳೆಯುವ ನನ್ನ ಕೆಲಸ ಅರ್ಧಕ್ಕೆ ನಿಂತಿತ್ತು. ಟೇಪಿನ ತುದಿಯನ್ನು ಒಬ್ಬರು ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಎಳೆದುಕೊಂಡು ಹೋಗಿ ಅಳತೆ ಬರೆದುಕೊಳ್ಳಬೇಕು. ಅಲ್ಲಿಗೆ ಕರೆದೊಯ್ದರೆ, ನಾನು ಕೇಳುವ ಮೊದಲೇ ಹುಡುಗಿ ಕುಕ್ಕರಗಾಲಲ್ಲಿ ಕೂತು ತುದಿ ಹಿಡಿದಳು. ದಿನಾ ಆ ತುದಿಯ ಮೇಲೆ ಹೇರುತ್ತಿದ್ದ ಗುಂಡು ಕಲ್ಲನ್ನು ಖುಷಿಯಲ್ಲಿ ಒದ್ದುಬಿಟ್ಟೆ. ಅದು ಉರುಳಿಕೊಂಡು ಕೆಳಗಿನ ಪೊದೆ ಸೇರಿತು.

"ಎಷ್ಟು ಬಂತು?" ಎಂದು ಅವಳು ಆ ಕಡೆಯಿಂದ ಕೇಳುವಳು, ನಾನು ಹೇಳುವೆ. ಹೀಗೆ ಎರಡು ಪದರ ಮುಗಿದವು. ಹೇಳಿದ್ದನ್ನು ಕೇಳಲು ಒಂದು ಕಿವಿ ಇದ್ದರೆ ಕೆಲಸ ಎಷ್ಟು ಹಗುರ.

"ಅಕ್ಕಾ, ದಿನಾ ಇದನ್ನ ಯಾರು ಹಿಡ್ಕೊಳ್ತಾರೆ?"

ಗೆಳತಿಯೊಬ್ಬಳು ಹಿಡಿಯುತ್ತಾಳೆ ಎನ್ನಬಹುದಿತ್ತು. ಹೋದ ವರ್ಷ ನನಗೂ ಒಬ್ಬಳು ಅಕ್ಕ ಹೀಗೇ ಬೆಣ್ಣೆಯಂಥ ಮಾತಾಡಿದ್ದಳು. ನಾನು ಸೇರುವ ಹೊತ್ತಿಗೆ ಅವಳು ಪದವಿ ಹಿಡಿದು ಹೊರಟಾಗಿತ್ತು.

"ಕಲ್ಲು," ಎಂದೆ. "ಇಲ್ಲಿ ನಾನೊಬ್ಬಳೇ. ಮುಂದಿನ ವರ್ಷ ನನ್ನ ಓದು ಮುಗಿಯುತ್ತೆ. ಆಮೇಲೆ ನೀನೊಬ್ಬಳೇ."

ಅವಳು ಟೇಪು ಬಿಡಲಿಲ್ಲ. "ಪಾಠ ಚೆನ್ನಾಗಿರುತ್ತಾ?"

"ಪಾಠಕ್ಕೇನೂ ಕಮ್ಮಿ ಇಲ್ಲ. ಊಟಕ್ಕೆ ಕೂತಾಗ ಕಷ್ಟ ಆಗುತ್ತೆ."

ಎಡಗಡೆ ಹನ್ನೊಂದು ಸಾಲಿದ್ದವು. ಬಲಗಡೆ ಒಂದೇ ಸಾಲು ಬರೆದಳು. ಆಮೇಲೆ ನನ್ನ ಕೈ ಹಿಡಿದು, "ದೊಡ್ಡ ಯೂನಿವರ್ಸಿಟಿಗೇ ಹೋಗ್ತೀನಿ ಅಕ್ಕಾ. ನಿಜ ಹೇಳಿದ್ರಲ್ಲ, ಥ್ಯಾಂಕ್ಸ್," ಎಂದು ಹೊರಟಳು.

ಮೇಷ್ಟ್ರು ಕಿಟಕಿಯಿಂದ ಕೇಳಿದರು, "ಏನಂದಳಮ್ಮ?"

"ಬರಲ್ವಂತೆ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೂ ಐದು ಪದರ ಬಾಕಿ ಇದ್ದವು. ಟೇಪನ್ನು ನೆಲಕ್ಕಿಟ್ಟು, ಒದ್ದ ಕಲ್ಲನ್ನು ಹುಡುಕಿಕೊಂಡು ದಿಬ್ಬ ಇಳಿದೆ.