ಹೊರಗೆ ಕೊಡುವುದಿಲ್ಲ

ಮಕ್ಕಳು ಬಂದ ನಾಲ್ಕನೇ ದಿನ ದೊಡ್ಡವಳ ಹೊಟ್ಟೆಯ ಮೇಲೆ ಮೂರು ಗುಳ್ಳೆ ಕಂಡವು. ಸಂಜೆಯ ಹೊತ್ತಿಗೆ ಚಿಕ್ಕವಳಿಗೂ. ಚಿಕನ್ ಪಾಕ್ಸ್ ಎಂದು ಡಾಕ್ಟರ್ ಬಂದು ನೋಡಿ ಹೇಳಿದರು. ಹತ್ತು ದಿನ ಇವರನ್ನು ಹೊರಗೆ ಬಿಡಬೇಡಿ ಎಂದರು.

ಅವರು ನನ್ನ ಭಾವನ ಮಕ್ಕಳು. ಓರಗಿತ್ತಿಗೆ ಏಳು ತಿಂಗಳು. ಆಸ್ಪತ್ರೆಯಲ್ಲಿ ಮಲಗಿಯೇ ಇರಬೇಕಾಗಿತ್ತು. ಅವರಿಗೆ ಈ ಕಾಯಿಲೆ ಹಿಂದೆ ಬಂದಿರಲಿಲ್ಲವಾದ್ದರಿಂದ ಮಕ್ಕಳನ್ನು ವಾಪಸ್ ಕಳಿಸುವ ಮಾತೇ ಇರಲಿಲ್ಲ. ಕೆಳಗಿನ ಮನೆಯಲ್ಲಿ ಹದಿನೈದು ದಿನದ ಕೂಸು. ಆ ಮನೆಯವಳು ಮೆಟ್ಟಿಲ ಬುಡದಲ್ಲಿ ನಿಂತು, ನೀವ್ಯಾರೂ ಇಳಿಯಬೇಡಿ, ಬೇಕಾದ್ದನ್ನು ನಾವೇ ತಂದುಕೊಡುತ್ತೇವೆ ಎಂದಳು. ಅಂದಿನಿಂದ ಹಾಲು, ತರಕಾರಿ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಬಾಲ್ಕನಿಗೆ ಬರತೊಡಗಿದವು. ಎರಡು ಕೋಣೆ, ಒಂದು ಅಡುಗೆಮನೆ. ಅತ್ತೆ, ನಾನು, ಇಬ್ಬರು ಮಕ್ಕಳು.

ನನಗೆ ಏಳನೇ ವಯಸ್ಸಿನಲ್ಲೇ ಅದು ಬಂದು ಹೋಗಿತ್ತು. ಹಾಗಿದ್ದರೆ ನೀವು ಓಡಾಡಬಹುದು, ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಮೇಜಿನ ಎರಡನೇ ಖಾನೆಯಲ್ಲಿ ಒಂದು ಕಾಗದವಿತ್ತು. ನಾನು ಕೆಲಸ ಮಾಡುತ್ತಿದ್ದ ಕಾಲೇಜು ಲೈಬ್ರರಿಯದು. ನಿಮ್ಮ ಒಂದು ವರ್ಷದ ರಜೆ ಮುಗಿಯುತ್ತಿದೆ. ಹದಿನಾಲ್ಕನೇ ತಾರೀಖು ಸೋಮವಾರ ಹಾಜರಾಗದಿದ್ದರೆ ಆ ಜಾಗ ಬೇರೆಯವರಿಗೆ. ರಜೆ ಹಾಕಿದ್ದು ಗಂಡ ತೀರಿಕೊಂಡ ವಾರ. ಕೆಲಸದಿಂದ ಬರುವಾಗ ಬಸ್ಸಿನಲ್ಲಿ ಕೂತವರು ಕೂತ ಹಾಗೆಯೇ ಹೋಗಿದ್ದರು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ಆಮೇಲೆ ಅತ್ತೆ ನನ್ನನ್ನು ತರಕಾರಿ ಅಂಗಡಿಗೂ ಕಳಿಸಲಿಲ್ಲ. ನಾನೂ ಕೇಳಲಿಲ್ಲ. ಕಾಗದವನ್ನು ಓದಿ, ಮಡಿಚಿ, ಖಾನೆ ಮುಚ್ಚಿದ್ದೆ.

ತುರಿಸಿಕೊಳ್ಳಬೇಡಿ ಎಂದು ದಿನಕ್ಕೆ ನೂರು ಸಲ ಹೇಳಿ ಬಾಯಿ ಸೋತಿತು. ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕಾಗಿತ್ತು. ಲೈಬ್ರರಿಗೆ ಕಂಪ್ಯೂಟರ್ ಬಂದಾಗ ಬೇಡವಾದ ಖಾಲಿ ಕಾರ್ಡುಗಳ ಕಟ್ಟುಗಳನ್ನು ನಾನು ಮನೆಗೆ ತಂದಿದ್ದೆ. ಅದಕ್ಕೂ ಮುಂಚೆ ಪುಸ್ತಕಗಳಿಗೆ ಕಾರ್ಡು ಬರೆಯುವುದೇ ನನ್ನ ಕೆಲಸವಾಗಿತ್ತು. ಅದನ್ನೇ ಕಲಿಸಿದೆ. ಮೇಲೆ ವಸ್ತುವಿನ ಹೆಸರು, ಕೆಳಗೆ ಅದು ಇರುವ ಜಾಗ, ಅದರ ಕೆಳಗೆ ಅದರ ಬಗ್ಗೆ ಒಂದೇ ಸಾಲು. ಎಲ್ಲವನ್ನೂ ಅಕ್ಷರದ ಪ್ರಕಾರ ಚಪ್ಪಲಿಯ ಡಬ್ಬದಲ್ಲಿ ಜೋಡಿಸಬೇಕು. ಯಾರು ಏನು ತೆಗೆದುಕೊಂಡರೂ ಕಾರ್ಡಿನ ಹಿಂದೆ ಬರೆದೇ ತೆಗೆದುಕೊಳ್ಳಬೇಕು. ಕೊನೆಯದಾಗಿ, ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ ಯಾವ ಕಾರ್ಡಿಗೂ ನಾನು ಸಹಿ ಹಾಕುವುದಿಲ್ಲ. ನಮ್ಮ ಲೈಬ್ರರಿಯಲ್ಲಿ ಒಬ್ಬರು ಹಳೆಯ ಪಟ್ಟಿ ನೋಡಿಕೊಂಡು, ಗೆದ್ದಲು ತಿಂದು ನಾಲ್ಕು ವರ್ಷವಾಗಿದ್ದ ಪುಸ್ತಕಕ್ಕೆ ಚೆಂದದ ಕಾರ್ಡು ಬರೆದಿದ್ದರು. ಅಂದಿನಿಂದ ಬಂದ ನಿಯಮ ಅದು.

ದೊಡ್ಡವಳಿಗೆ ಒಂಬತ್ತು ವರ್ಷ. ಅವಳು ಬರೆಯುತ್ತಿದ್ದಳು. ಐದು ವರ್ಷದ ಚಿಕ್ಕವಳನ್ನು ಎಲ್ಲರೂ ಮೆಣಸು ಅಂತಲೇ ಕರೆಯುವುದು. ಒಂದು ಸಾಲು ಹೇಳುವ ಹಕ್ಕು ಅವಳದು.

ನಲ್ಲಿ. ಅಡುಗೆಮನೆ. ತಿರುಗಿಸಿದರೆ ನೀರು ಬರುತ್ತೆ, ಪ್ರತಿ ಸಲ.

ದಿಂಬು. ಮಂಚ. ಒಂದು ಕಡೆ ಬಿಸಿಯಾದರೆ ಇನ್ನೊಂದು ಕಡೆ ತಣ್ಣಗಿರುತ್ತೆ.

ಅಜ್ಜಿ. ಎರಡೂ ಕೋಣೆ. ಬೈಯುತ್ತಾರೆ, ಬೆನ್ನಿಗೆ ಊದುತ್ತಾರೆ.

ಬೈಯೋದನ್ನೇ ಮೊದಲು ಬರೆಸಿದೀಯಲ್ಲೇ ಎಂದು ಅತ್ತೆ ಕೇಳಿದರು. ಬರೋದೂ ಅದೇ ಮೊದಲು ಎಂದಳು ಮೆಣಸು.

ಮೊದಲ ಕಂತಿಗೆ ನಾನು ಕೂತಲ್ಲಿಂದಲೇ ಸಹಿ ಹಾಕಿದೆ. ದೊಡ್ಡವಳು ಕಾರ್ಡು ಎಳೆದುಕೊಂಡು, ನೀನು ಮುಟ್ಟಿ ನೋಡಲೇ ಇಲ್ಲ ಎಂದಳು. ಎದ್ದು ಹೋಗಿ ನಲ್ಲಿ ತಿರುಗಿಸಿದೆ. ನೀರು ಬಂತು. ಕೈ ಒಡ್ಡಿದೆ. ಆ ವರ್ಷವಿಡೀ ಅದೇ ನಲ್ಲಿಯಲ್ಲಿ ಅಕ್ಕಿ ತೊಳೆದಿದ್ದೆ, ಪಾತ್ರೆ ತೊಳೆದಿದ್ದೆ. ನೀರು ತಣ್ಣಗಿರುತ್ತದೆ ಎನ್ನುವುದು ಗಮನಕ್ಕೇ ಬಂದಿರಲಿಲ್ಲ.

ದಿನಕ್ಕೆ ಇಪ್ಪತ್ತು, ಮೂವತ್ತು ಕಾರ್ಡು. ಮನೆ ಚಿಕ್ಕದಾಗುತ್ತಲೇ ಹೋಯಿತು. ಬಾಲ್ಕನಿಯ ಈ ತುದಿಯಿಂದ ಅಡುಗೆಮನೆಯ ಆ ತುದಿಗೆ ಹತ್ತೊಂಬತ್ತು ಹೆಜ್ಜೆ. ನಾನು ಚಮಚ ಹಿಡಿದೆ, ಪರದೆ ಹಿಡಿದೆ, ಸ್ವಿಚ್ಚು ಒತ್ತಿದೆ. ದೀಪ ಹತ್ತಿದ್ದಕ್ಕೆ ಸಹಿ ಹಾಕಿದೆ.

ಬುಧವಾರ ಈ ಕಾರ್ಡು ಬಂತು: ಹಾಸಿಗೆ, ಕಿಟಕಿಯ ಬದಿ. ಹತ್ತು ಗಂಟೆಗೆ ಬಿಸಿಲು ಬೀಳುತ್ತೆ, ತುರಿಕೆ ಮರೆತುಹೋಗುತ್ತೆ.

ಅದು ಗಂಡ ಮಲಗುತ್ತಿದ್ದ ಬದಿ. ಹೊದಿಕೆ ಬದಲಿಸುವಾಗಲೂ ನಾನು ಈಚೆಯಿಂದಲೇ ಬದಲಿಸುತ್ತಿದ್ದೆ. ಮಕ್ಕಳಿಬ್ಬರೂ ಕಾದು ನಿಂತಿದ್ದರು. ಮಲಗಿದೆ. ಬಿಸಿಲು ಕುತ್ತಿಗೆಯಿಂದ ಕಿವಿಗೆ ಬಂತು. ರಜೆಯ ದಿನ ಇಷ್ಟು ಹೊತ್ತು ಯಾಕೆ ಬಿದ್ದುಕೊಂಡಿರುತ್ತೀರಿ ಎಂದು ಅವರನ್ನು ಕೇಳುತ್ತಿದ್ದೆ. ಅವರು ಉತ್ತರ ಕೊಡದೆ ಮಗ್ಗುಲು ಬದಲಿಸುತ್ತಿದ್ದರು. ಇದಕ್ಕೇ. ಎದ್ದು ಸಹಿ ಹಾಕಿದೆ.

ಬಾಗಿಲಿನ ಕಾರ್ಡಿನಲ್ಲಿ ಮೆಣಸು ಹೇಳಿದ ಸಾಲು ಒಂದೇ ಪದ: ಮುಚ್ಚಿದೆ. ಅದಕ್ಕೆ ಮಾತ್ರ ಮುಟ್ಟದೆ ಸಹಿ ಹಾಕಿದೆ. ದೊಡ್ಡವಳು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದಳು.

ಶನಿವಾರ ಅತ್ತೆಗೆ ಕತ್ತರಿ ಬೇಕಾಯಿತು. ಕನ್ನಡಕ ಹಾಕಿಕೊಂಡು ಡಬ್ಬದ ಮುಂದೆ ಕೂತು ಕಾರ್ಡು ಹುಡುಕಿದರು. ಕಣ್ಣು ತಪ್ಪಿ ಕತ್ತರಿಯನ್ನು ದಾಟಿ ಮುಂದೆ ಹೋದರು. ಕನ್ನಡಿ, ಕಪಾಟು, ಕಾಗದ. ಅಲ್ಲಿ ನಿಂತರು.

ಕಾಗದ. ಮೇಜಿನ ಎರಡನೇ ಖಾನೆ. ಚಿಕ್ಕಮ್ಮ ಹದಿನಾಲ್ಕನೇ ತಾರೀಖು ಕೆಲಸಕ್ಕೆ ಹೋಗಬೇಕು.

ನನ್ನ ಸಹಿ ಇರಲಿಲ್ಲ. ಇದಕ್ಕೆ ನೀನು ಸಹಿ ಹಾಕಲ್ಲ ಅಂತ ಗೊತ್ತಿತ್ತು, ಅದಕ್ಕೇ ತೋರಿಸಲಿಲ್ಲ ಎಂದಳು ದೊಡ್ಡವಳು.

ಕಾಗದ ಬಂದು ಎಷ್ಟು ದಿನವಾಯಿತು ಎಂದು ಅತ್ತೆ ಕೇಳಿದರು. ಇಪ್ಪತ್ತು ಎಂದೆ. ಯಾಕೆ ಹೇಳಲಿಲ್ಲ ಎಂದರು. ಮಕ್ಕಳಿದ್ದಾರೆ, ಕಾಯಿಲೆಯಿದೆ, ಕೆಳಗೆ ಕೂಸಿದೆ ಎಂದೆ. ಅವರು ಕಾರ್ಡನ್ನು ಬೆರಳಲ್ಲಿ ತಿರುವುತ್ತ ಕೂತರು.

"ನೀನು ಓಡಾಡಬಹುದು ಅಂತ ಡಾಕ್ಟರು ನನಗೂ ಹೇಳಿದ್ರು," ಎಂದರು ಆಮೇಲೆ. "ನಾನೇ ಬಾಯಿ ಬಿಡಲಿಲ್ಲ."

ಹತ್ತು ದಿನ ಆ ಬಾಗಿಲನ್ನು ನಾವಿಬ್ಬರೂ ಒಳಗಿನಿಂದ ಒತ್ತಿ ಹಿಡಿದಿದ್ದೆವು.

ಅವರ ಬೆರಳು ಮುಂದೆ ಹೋಯಿತು. ಚಕಾರದಲ್ಲಿ ನನ್ನದೂ ಒಂದು ಕಾರ್ಡಿತ್ತು. ನಾನು ನೋಡಿರಲಿಲ್ಲ. ಚಿಕ್ಕಮ್ಮ. ಮನೆ. ಹೊರಗೆ ಕೊಡುವುದಿಲ್ಲ. ಕೆಳಗೆ ಕೆಂಪು ಗೆರೆ. ಒಂದೇ ಪ್ರತಿ ಇರುವ ಪುಸ್ತಕಗಳಿಗೆ ನಾವು ಹಾಗೆ ಗೆರೆ ಎಳೆಯುತ್ತೇವೆ, ಅವನ್ನು ಲೈಬ್ರರಿಯಿಂದ ಆಚೆ ಬಿಡುವುದಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ.

ಇದೇನು ಎಂದು ಅತ್ತೆ ದೊಡ್ಡವಳನ್ನು ಕೇಳಿದರು.

"ಇರೋದು ಒಂದೇ ಅಲ್ವಾ ಅಜ್ಜಿ," ಎಂದಳು. "ಚಿಕ್ಕಪ್ಪನೂ ಒಬ್ಬರೇ ಇದ್ರು. ಹೊರಗೆ ಕೊಟ್ವಿ."

ಮೆಣಸು ಮೊಣಕೈ ತುರಿಸಿಕೊಂಡಳು. ಬೇಡ ಎಂದು ಹೇಳುವುದೂ ನನಗೆ ಮರೆತಿತ್ತು.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ನನ್ನ ಕಡೆ ತಿರುಗಿದರು. "ಬೆಳಗ್ಗೆ ತಗೊಂಡು ಹೋಗಿ ಸಂಜೆ ವಾಪಸ್ ಕೊಡೋದು, ಹಂಗೇನಾದ್ರೂ ಇಲ್ವೇನೇ ನಿಮ್ಮಲ್ಲಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆ ಮೂವರಲ್ಲಿ ಯಾರೂ ನನ್ನ ಲೈಬ್ರರಿಯ ಒಳಗೆ ಕಾಲಿಟ್ಟವರಲ್ಲ. ಸೋಮವಾರ ಕಳೆಯುತ್ತಿತ್ತು. ಹತ್ತೊಂಬತ್ತು ಹೆಜ್ಜೆ ನನಗೆ ಸಾಕಾಗುತ್ತಿತ್ತು.

"ಇದೆ," ಎಂದೆ.

ದೊಡ್ಡವಳು ಯೋಚಿಸಿದಳು. ಕೆಂಪು ಗೆರೆ ಅಳಿಸಲಿಲ್ಲ. ಅದರ ಕೆಳಗೆ ಬರೆದಳು: ಆರು ಗಂಟೆಯೊಳಗೆ.

ಭಾನುವಾರ ಬಾಲ್ಕನಿಯಿಂದಲೇ ಕೆಳಗಿನ ಮನೆಯವಳನ್ನು ಕೇಳಿದೆ. ನಿಮಗೆ ಆಗಲೇ ಬಂದು ಹೋಗಿದ್ದರೆ ನಮ್ಮದೇನೂ ಅಡ್ಡಿಯಿಲ್ಲ ಎಂದಳು. ಅಷ್ಟು ಸುಲಭವಿತ್ತು.

ಸೋಮವಾರ ಬೆಳಿಗ್ಗೆ ಅತ್ತೆ ನನ್ನ ಕಾರ್ಡಿನ ಹಿಂದೆ ನಾನು ಹೊರಡುವ ಹೊತ್ತು ಬರೆದರು. ಎಂಟೂಕಾಲು. ಮಕ್ಕಳ ಗುಳ್ಳೆಗಳೆಲ್ಲ ಒಣಗಿ ಕಪ್ಪಾಗಿದ್ದವು. ಮೆಣಸು ನನ್ನ ಚೀಲದ ಪಟ್ಟಿ ಹಿಡಿದು ಜಗ್ಗಿದಳು.

"ಚಿಕ್ಕಮ್ಮ, ಬಸ್ಸಲ್ಲಿ ನಿದ್ದೆ ಮಾಡಬೇಡ."

ಮಾಡಲ್ಲ ಎಂದೆ.

ಚಿಲಕ ತಣ್ಣಗಿತ್ತು. ಸರಿಸಿ ಎಳೆದೆ, ಬಾಗಿಲು ಅಲುಗಲಿಲ್ಲ. ತೆಗೆಯದಿದ್ದರೆ ಒಳ್ಳೆಯದೇ ಆಯಿತು ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಸ್ವಲ್ಪ ಮೇಲಕ್ಕೆತ್ತಿ ಎಳಿ, ಕೂತುಬಿಟ್ಟಿದೆ ಎಂದರು ಅತ್ತೆ ಹಿಂದಿನಿಂದ. ಎತ್ತಿ ಎಳೆದೆ. ಮೆಟ್ಟಿಲ ಕಡೆಯಿಂದ ಒದ್ದೆ ಸಿಮೆಂಟಿನ ವಾಸನೆ ಬಂತು. ಕೆಳಗೆ ಕೂಸು ಅಳುತ್ತಿತ್ತು.

ಬಾಗಿಲಿನ ಕಾರ್ಡಿಗೆ ನಾನು ಮುಟ್ಟದೆ ಸಹಿ ಹಾಕಿದ್ದೆ, ತಪ್ಪಾಗಿದೆ, ತಿದ್ದು ಎಂದು ದೊಡ್ಡವಳಿಗೆ ಹೇಳಿದೆ. ಅವಳು ಪೆನ್ಸಿಲ್ ಹುಡುಕಿ ತಂದು, ಏನು ಬರೀಲಿ ಎಂದು ಕೇಳಿದಳು.

"ಎತ್ತಿ ಎಳೆದರೆ ತೆರೆಯುತ್ತೆ," ಎಂದು ಬರೆಸಿದೆ.