ಬಾಗಿಲು ತಟ್ಟಿದರು

ನಾನು ಒಂದು ರಾಟೆ. ಜಾಲಿಮರದ ಮೈ, ಕಬ್ಬಿಣದ ಕದಿರು. ಗುಳೇದಗುಡ್ಡದ ಕಡೆಯ ಹಳ್ಳಿಯೊಂದರಲ್ಲಿ ಬಡಿಗ ಮೌನೇಶಪ್ಪ ನನ್ನನ್ನು ಮಾಡಿ, ಆಗಷ್ಟೇ ಸೊಸೆಯಾಗಿ ಬಂದಿದ್ದ ಸಕ್ರವ್ವನ ಮುಂದಿಟ್ಟ.

"ಇದು ನಿಂದು. ಮಗ್ಗ ಗಂಡಸರದು. ಅದರ ಕುಣಿಯಾಗ ಕಾಲಿಟ್ಟಿ ಅಂದ್ರ ನೋಡು ಮತ್ತ!" ಎಂದಳು ಅತ್ತೆ, ಮಗ್ಗದ ಕೆಳಗೆ ನೇಕಾರ ಕಾಲು ಇಳಿಬಿಟ್ಟು ಕೂರುವ ಗುಂಡಿ ತೋರಿಸುತ್ತಾ.

ನೂಲಿಗೆ ಗಂಜಿ ಹಚ್ಚುವುದು, ಹರಿದ ಎಳೆಗಳನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸುವುದು, ಲಾಳಿಗೆ ಹಾಕುವ ನೂಲಿನ ಉರುಳೆ, ಅಂದರೆ ಕಂಡಿಕೆಗಳನ್ನು ನನ್ನ ಕದಿರಿನಲ್ಲಿ ಸುತ್ತುವುದು, ಎಲ್ಲ ಸಕ್ರವ್ವನದೇ. ಸೀರೆ ಮಾತ್ರ ಗಂಡ ಪಂಪಣ್ಣನದು.

ಅತ್ತೆ ತೀರಿಕೊಂಡ ಮೇಲೆ ಪಂಪಣ್ಣನ ಕೈ ನಡುಗತೊಡಗಿ ನೇಯಲಾಗದಾಯಿತು. ಮಗ್ಗ ನೇಕಾರರ ಸಂಘದ್ದು. ನೇಯುವವರಿಲ್ಲದ ಮನೆಯಲ್ಲಿ ಅದನ್ನು ಬಿಡುವುದಿಲ್ಲ. ಒಂದು ಬೆಳಿಗ್ಗೆ ಸಕ್ರವ್ವ ಬಾಗಿಲು ಹಾಕಿ ಕುಣಿಗೆ ಇಳಿದು ತಾನೇ ನೇಯತೊಡಗಿದಳು. ಪಂಪಣ್ಣ ನನ್ನ ಮುಂದೆ ಕೂತ.

ಯಾರಾದರೂ ಬಾಗಿಲು ತಟ್ಟಿದರೆ, "ಏಳ್ರೀ, ಲಗೂ ಏಳ್ರೀ!" ಎನ್ನುತ್ತಾ ಅವಳು ಮೇಲೆ ಹತ್ತುವಳು. ಅವನು ಕುಣಿಗೆ ಇಳಿಯುವನು.

"ಈ ವಯಸ್ಸಿನ್ಯಾಗ ಕಣ್ಣಾಮುಚ್ಚಾಲಿ ಆಡಸಾಕತ್ತೀಯಲ್ಲ, ಮಾರಾಯ್ತಿ," ಎಂದು ಅವನು ನಗುವನು.

ಹನ್ನೊಂದು ವರ್ಷ ಹೀಗೇ ನಡೆಯಿತು. ನನ್ನ ಮುಂದೆ ಕೂತಾಗ ಬೇಸರ ಕಳೆಯಲು ಹಾಡುತ್ತಿದ್ದವಳು ಮಗ್ಗದಲ್ಲಿ ಎಂದೂ ಹಾಡಲಿಲ್ಲ. ಅಲ್ಲಿ ಅವಳಿಗೆ ಬೇಸರವೇ ಇರಲಿಲ್ಲ.

ಪಂಪಣ್ಣ ಸತ್ತು ತಿಂಗಳಾಗಿತ್ತು. ಸಕ್ರವ್ವ ಅರ್ಧ ಸೀರೆ ನೇಯ್ದಿದ್ದಳು. ಬಾಗಿಲು ತಟ್ಟಿದರು. ಅವಳು ದಡಬಡಿಸಿ ಕುಣಿಯಿಂದ ಎದ್ದು ಬಂದು ನನ್ನ ಮುಂದೆ ಕೂತಳು. ಕುಣಿಗೆ ಇಳಿಯಲು ಈಗ ಯಾರೂ ಇಲ್ಲವೆಂಬುದು ಆಮೇಲೆ ನೆನಪಾಗಿರಬೇಕು. ಆದರೂ ಅವಳು ನನ್ನ ಹಿಡಿ ತಿರುಗಿಸತೊಡಗಿದಳು.

ಸಂಘದ ಗುರಪ್ಪ ಒಳಗೆ ಬಂದ.

"ಯಕ್ಕಾ, ಮನ್ಯಾಗ ನೇಯವ್ರು ಮತ್ತ ಯಾರರ ಅದಾರೇನು? ಇದ್ರ ಹೇಳು, ಮಗ್ಗ ಇಲ್ಲೇ ಇರ್ಲಿ."

ಸಕ್ರವ್ವ ಗೋಡೆಯ ಮೇಲಿದ್ದ ಗಂಡನ ಫೋಟೋ ನೋಡಿದಳು. ಹೂಂ ಎಂದರೆ ಆ ಹನ್ನೊಂದು ವರ್ಷ ಹೆಂಡತಿಯ ಕೈಯಲ್ಲಿ ಬದುಕಿದವನೆಂದು ಊರು ಅವನನ್ನು ಆಡಿಕೊಳ್ಳುತ್ತದೆ.

"ಇಲ್ಲೋ ತಮ್ಮಾ," ಎಂದಳು. "ನಂದೇನೈತಿ, ಬರೇ ಕಂಡಿಕಿ ಸುತ್ತೂದು."

ಮಗ್ಗ ಬಿಚ್ಚಿಕೊಂಡು ಹೋದರು. ಅರ್ಧ ಸೀರೆಯನ್ನು ಕತ್ತರಿಸಿ, ಪಂಪಣ್ಣನ ಹೆಸರು ಬರೆದು, ಸಂಘದ ಗೋಡೆಗೆ ಗಾಜು ಹಾಕಿ ತೂಗುಬಿಟ್ಟರಂತೆ. ನೋಡಿ ಬಂದ ನೆರೆಮನೆಯ ಈರವ್ವ ಹೊಸ್ತಿಲಲ್ಲೇ ನಿಂತು, "ಏನ ಕೈ ಇತ್ತವ್ವಾ ನಿನ್ನ ಗಂಡಂದು!" ಎಂದಳು.

"ಹೌದವ್ವಾ, ಭಾಳ ಚಲೋ ಕೈ," ಎಂದಳು ಸಕ್ರವ್ವ.

ನಾನೀಗ ಮುಚ್ಚಿದ ಕುಣಿಯ ಮೇಲೆ, ಮೂಲೆಯಲ್ಲಿದ್ದೇನೆ. ಕದಿರಿಗೆ ತುಕ್ಕು ಹಿಡಿದಿದೆ. ನನಗೆ ಬಾಯಿಲ್ಲ. ಅವಳಿಗಿತ್ತು, ಒಂದು ಸಲ ಕೇಳಿಯೂ ಇದ್ದರು.